ಬುಡಕಟ್ಟು ಮಹಿಳೆಯರ ಶಿಕ್ಷಣ ಮತ್ತು ಗ್ರಾಮ ಪಂಚಾಯತಿ ನಾಯಕತ್ವ

ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲೂಕುಗಳಲ್ಲಿ ದಟ್ಟವಾದ ಕಾಡಿಲ್ಲ. ಆದ್ದರಿಂದ ‘ಬುಡಕಟ್ಟು’ ಎಂಬ ಪದ ಕೇಳಿದೊಡನೆ ಅದು ಬಿಳಿಗಿರಿರಂಗನ ಬೆಟ್ಟಕ್ಕೋ ಹೆಗ್ಗಡದೇವನಕೋಟೆಗೋ ಸೇರಿದ ವಿಷಯವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಇಲ್ಲಿಯ ಎರೆಭೂಮಿಯ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ವಾಲ್ಮೀಕಿ ನಾಯಕ, ಬೇಡ ಸಮುದಾಯಗಳು ಪರಿಶಿಷ್ಟ ಪಂಗಡಕ್ಕೆ ಸೇರಿವೆ. ತಾಂಡಾಗಳ ಲಂಬಾಣಿ ಸಮುದಾಯವು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದರೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಪಟ್ಟಿ ಯಾವುದೇ ಇರಲಿ, ಈ ಮನೆಗಳ ಹೆಣ್ಣುಮಕ್ಕಳಿಗೆ ಸಮುದಾಯದ ಕಾರಣಕ್ಕೆ ಊರಿನಲ್ಲಿ, ಹೆಣ್ಣೆಂಬ ಕಾರಣಕ್ಕೆ ಮನೆಯಲ್ಲಿ, ಹೀಗೆ ಎರಡು ಕಡೆ ತಾರತಮ್ಯ ಎದುರಾಗುತ್ತದೆ.

ಕಾನೂನು ಅವರಿಗೆ ಸ್ಥಾನವನ್ನು ಬಹಳ ಹಿಂದೆಯೇ ನೀಡಿದೆ. ಕರ್ನಾಟಕದಲ್ಲಿ 1987ರ ಚುನಾವಣೆಯ ವೇಳೆಗೇ ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ ಇದ್ದಿತು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೆಯ ಒಂದಕ್ಕೂ, 2010ರ ತಿದ್ದುಪಡಿ ಅರ್ಧಕ್ಕೂ ಏರಿಸಿತು. ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳಲ್ಲಿಯೂ ಅರ್ಧದಷ್ಟು ಮಹಿಳೆಯರವು. ಆದರೆ 2011ರ ಜನಗಣತಿಯಂತೆ ರಾಜ್ಯದ ಒಟ್ಟು ಮಹಿಳೆಯರ ಸಾಕ್ಷರತೆ ಶೇ. 68ರಷ್ಟಿದ್ದಾಗ ಪರಿಶಿಷ್ಟ ಪಂಗಡದ ಮಹಿಳೆಯರ ಸಾಕ್ಷರತೆ ಸುಮಾರು ಶೇ. 53 ಮಾತ್ರ. ಸ್ಥಾನ ದೊರೆತರೂ ಕಡತ ಓದಲಾಗದ ಸ್ಥಿತಿಯೇ ಈ ಅಂತರದ ಅರ್ಥ.

ಓದು ಬಾರದ ಅಧ್ಯಕ್ಷೆಯ ಅಧಿಕಾರ ಹೇಗೆ ಕೈತಪ್ಪುತ್ತದೆ ಎಂಬುದು ಸದಸ್ಯರಿಗೆ ಅಪರಿಚಿತವಲ್ಲ. ಪಂಚಾಯತಿಯ ಪಾವತಿಗಳಿಗೆ ಈಗ ಅಧ್ಯಕ್ಷರ ಡಿಜಿಟಲ್ ಸಹಿ ಅವಶ್ಯ. ಆ ಸಹಿಯ ಕೀಲಿಯು ಪತಿಯ ಅಥವಾ ಮೈದುನನ ಜೇಬಿನಲ್ಲಿದ್ದರೆ ಅಧಿಕಾರವೂ ಅಲ್ಲಿಯೇ ಇರುತ್ತದೆ. ಹಿಂದೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಆಕೆಯ ಮನೆಯವರೆಗಾದರೂ ಹೋಗಬೇಕಾಗಿತ್ತು. ಈಗ ಅದರ ಅಗತ್ಯವೂ ಇಲ್ಲ.

ಇದಕ್ಕೆ ಬೇಕಾದುದು ಪದವಿ ಶಿಕ್ಷಣವೇ ಆಗಬೇಕೆಂದಿಲ್ಲ. ಒಂದು ಸಿಮೆಂಟ್ ರಸ್ತೆಯ ಕಾಮಗಾರಿಯನ್ನು ತೆಗೆದುಕೊಳ್ಳಬಹುದು. ಅಂದಾಜು ಪತ್ರಿಕೆಯಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿದ್ದರೆ ಬೇಕಾಗುವ ಕಾಂಕ್ರೀಟ್ 45 ಘನ ಮೀಟರ್. ಸ್ಥಳದಲ್ಲಿ ದಪ್ಪ 10 ಸೆಂಟಿಮೀಟರ್ ಮಾತ್ರ ಹಾಕಿದ್ದರೆ ಬಳಕೆಯಾಗಿರುವುದು 30 ಘನ ಮೀಟರ್. ಉಳಿದ 15 ಘನ ಮೀಟರ್ ಅಳತೆ ಪುಸ್ತಕದಲ್ಲಿರುತ್ತದೆ, ರಸ್ತೆಯಲ್ಲಿರುವುದಿಲ್ಲ. ಈ ಲೆಕ್ಕಕ್ಕೆ ಹಿರಿಯ ಪ್ರಾಥಮಿಕ ಶಾಲೆಯ ಗುಣಾಕಾರ ಮತ್ತು ಒಂದು ಅಳತೆ ಪಟ್ಟಿ ಸಾಕು. ರಸ್ತೆಯ ಅಂಚಿನಲ್ಲಿ ಪಟ್ಟಿ ಹಿಡಿದು ನಿಂತು ಅಂದಾಜು ಪತ್ರಿಕೆ ಕೇಳುವ ಸದಸ್ಯೆಗೆ, ಆಕೆ ಯಾವ ಓಣಿಯವಳೇ ಆಗಿರಲಿ, ಗುತ್ತಿಗೆದಾರ ಉತ್ತರ ಕೊಡಲೇಬೇಕಾಗುತ್ತದೆ. ಸಭೆಯ ನಡಾವಳಿಗೆ ಸಹಿ ಹಾಕುವ ಮುನ್ನ ಓದಿ ನೋಡುವುದು, ಒಪ್ಪಿಗೆ ಇಲ್ಲದಿದ್ದರೆ ಅದನ್ನು ದಾಖಲಿಸಲು ಕೋರುವುದು ಇದೇ ಸಾಮರ್ಥ್ಯದ ಮುಂದುವರಿಕೆ.

ಹಕ್ಕಿನ ತಿಳಿವಳಿಕೆಯೂ ಓದಿನಿಂದಲೇ ಬರುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯು, ಪರಿಶಿಷ್ಟ ಜಾತಿ ಅಥವಾ ಪಂಗಡದ ಪಂಚಾಯತಿ ಸದಸ್ಯರು ಇಲ್ಲವೇ ಅಧ್ಯಕ್ಷರು ತಮ್ಮ ಕರ್ತವ್ಯ ನಿರ್ವಹಿಸದಂತೆ ತಡೆಯುವುದನ್ನು, ಬೆದರಿಸುವುದನ್ನು ಅಪರಾಧವೆಂದು ಸ್ಪಷ್ಟವಾಗಿ ಹೇಳಿದೆ. ಇದು ಪರಿಶಿಷ್ಟರಲ್ಲದವರು ಎಸಗುವ ಕೃತ್ಯಕ್ಕೆ ಅನ್ವಯಿಸುತ್ತದೆ. ಮನೆಯವರೇ ಅಧಿಕಾರ ಚಲಾಯಿಸಿದರೆ ಈ ಕಾಯ್ದೆ ನೆರವಿಗೆ ಬಾರದು. ಅಲ್ಲಿ ಆಕೆಯ ಸ್ವಂತ ಓದೇ ಆಸರೆ.

ಸ್ಥಳೀಯ ಸಂಸ್ಥೆಯಿಂದ ಮೇಲೇರಿದವರ ಉದಾಹರಣೆಗೆ ದೂರ ಹುಡುಕಬೇಕಿಲ್ಲ. ಒಡಿಶಾದ ಮಯೂರಭಂಜ್ ಜಿಲ್ಲೆಯ ಸಂತಾಲ ಕುಟುಂಬದಲ್ಲಿ 1958ರಲ್ಲಿ ಜನಿಸಿದ ದ್ರೌಪದಿ ಮುರ್ಮು ಅವರು ಭುವನೇಶ್ವರದಲ್ಲಿ ಕಾಲೇಜು ಓದಿ, ಸರ್ಕಾರಿ ಕಚೇರಿಯಲ್ಲಿ ಕಿರಿಯ ಸಹಾಯಕಿಯಾಗಿ, ಬಳಿಕ ಶಿಕ್ಷಕಿಯಾಗಿ ದುಡಿದರು. 1997ರಲ್ಲಿ ರಾಯರಂಗಪುರದ ನಗರ ಪಂಚಾಯತಿಗೆ ಸದಸ್ಯೆಯಾಗಿ ಆಯ್ಕೆಯಾದರು. 2022ರ ಜುಲೈ 25ರಂದು ರಾಷ್ಟ್ರಪತಿಯಾದರು. ಅವರ ಸಾರ್ವಜನಿಕ ಬದುಕಿನ ಮೊದಲ ಮೆಟ್ಟಿಲು ಇಲ್ಲಿಯ ಸದಸ್ಯರು ಕುಳಿತಿರುವಂತಹ ಸಭೆಯೇ ಆಗಿತ್ತು.

ಈ ಭಾಗದ ತೊಡಕುಗಳು ಮಾತ್ರ ಇಲ್ಲಿಯವೇ. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ ಭಾಷೆ. ಒಂದನೆಯ ತರಗತಿಯ ಮೊದಲ ದಿನ ಕನ್ನಡ ಅದಕ್ಕೆ ಹೊಸದು. ಆ ಮೌನವನ್ನು ದಡ್ಡತನವೆಂದು ತಿಳಿದರೆ ಮಗು ಅಲ್ಲಿಯೇ ಹಿಂದುಳಿಯುತ್ತದೆ. ಇಂದು ರಾಜ್ಯದಾದ್ಯಂತ ಇರುವ ನಲಿಕಲಿ ಪದ್ಧತಿಯು 1995ರಲ್ಲಿ ಆರಂಭವಾದದ್ದು ಜೇನುಕುರುಬರ ಹಾಡಿಗಳಿರುವ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಎಂಬುದು ಇಲ್ಲಿ ಸ್ಮರಣಾರ್ಹ. ಎರಡನೆಯದು ಗುಳೆ. ತಂದೆತಾಯಿ ಕಬ್ಬು ಕಡಿಯಲು, ಗೋವೆಯ ಕಡೆ ದುಡಿಯಲು ಹೊರಟಾಗ ಕೂಸನ್ನು ನೋಡಿಕೊಳ್ಳಲು ಜೊತೆಗೆ ಹೋಗುವವಳು ಹಿರಿಯ ಮಗಳೇ. ಮೂರನೆಯದು ದಾರಿ. 2023ರ ಶಕ್ತಿ ಯೋಜನೆಯಿಂದ ಬಾಲಕಿಯರಿಗೆ ಪ್ರಯಾಣ ಉಚಿತವಾಗಿದೆ, ಆದರೆ ಪ್ರೌಢಶಾಲೆಯ ಗಂಟೆಗೆ ತಾಂಡಾದ ಬಳಿ ಬಸ್ಸು ಬಾರದಿದ್ದರೆ ಆ ಉಚಿತ ಚೀಟಿಯಿಂದ ಪ್ರಯೋಜನವಿಲ್ಲ.

ಗ್ರಾಮ ಪಂಚಾಯತಿಯ ಕೈಯಲ್ಲಿರುವುದು ಕಡಿಮೆಯೇನಲ್ಲ. ಗುಳೆ ಹೋಗುವ ಕುಟುಂಬಗಳ ಮಕ್ಕಳ ಪಟ್ಟಿಯನ್ನು ದೀಪಾವಳಿಗೆ ಮುನ್ನವೇ ಸಿದ್ಧಪಡಿಸಿ, ವಸತಿ ನಿಲಯದಲ್ಲಿ ಅಥವಾ ಬಂಧುಗಳ ಮನೆಯಲ್ಲಿ ಉಳಿಯುವ ವ್ಯವಸ್ಥೆಗಾಗಿ ಮುಖ್ಯೋಪಾಧ್ಯಾಯರೊಡನೆ ಚರ್ಚಿಸಬಹುದು. ಬಸ್ಸಿನ ವೇಳೆ ಬದಲಾಯಿಸಲು ಠರಾವು ಮಾಡಿ ಸಾರಿಗೆ ಘಟಕಕ್ಕೆ ಕಳುಹಿಸಬಹುದು. ಪಂಚಾಯತಿಯ ಅರಿವು ಕೇಂದ್ರವನ್ನು ವಾರದಲ್ಲಿ ಒಂದು ಸಂಜೆ ಮಹಿಳಾ ಸದಸ್ಯರಿಗೇ ಮೀಸಲಿಟ್ಟು ಅಂದಾಜು ಪತ್ರಿಕೆ, ನಡಾವಳಿ, ಜಮಾ ಖರ್ಚುಗಳನ್ನು ಓದುವ ಅಭ್ಯಾಸ ನಡೆಸಬಹುದು. ಸಂಕೋಚವಿರುವ ಸದಸ್ಯೆಯರಿಗೆ ಪುರುಷ ಸದಸ್ಯರಿಲ್ಲದ ಆ ಹೊತ್ತು ಬಹಳ ಉಪಯುಕ್ತ. ಮಕ್ಕಳ ಗ್ರಾಮ ಸಭೆಯಲ್ಲಿ ತಾಂಡಾ ಹಾಗೂ ವಾಲ್ಮೀಕಿ ಓಣಿಯ ಬಾಲಕಿಯರು ಸ್ವಾಗತ ಗೀತೆಗಷ್ಟೇ ಸೀಮಿತರಾಗದೆ ಪ್ರಶ್ನೆ ಕೇಳುವಂತೆಯೂ, ಕೇಳಿದ ಪ್ರಶ್ನೆಗೆ ಕೈಗೊಂಡ ಕ್ರಮವು ಮುಂದಿನ ಸಭೆಯಲ್ಲಿ ಓದಲ್ಪಡುವಂತೆಯೂ ನೋಡಿಕೊಳ್ಳಬೇಕು.

ಪಂಚಾಯತಿ ಚುನಾವಣೆಗೆ ಸ್ಪರ್ಧಿಸಲು ಕನಿಷ್ಠ ವಯಸ್ಸು 21. ಇಂದು ಏಳನೆಯ ತರಗತಿಯಲ್ಲಿರುವ 12 ವರ್ಷದ ಬಾಲಕಿ ಒಂಬತ್ತು ವರ್ಷಗಳಲ್ಲಿ, ಅಂದರೆ ಪಂಚಾಯತಿಯ ಎರಡು ಅವಧಿ ಪೂರ್ಣಗೊಳ್ಳುವುದರೊಳಗೆ, ಆ ಅರ್ಹತೆ ಪಡೆಯುತ್ತಾಳೆ. ಪ್ರತಿ ವಾರ್ಡಿನಲ್ಲಿ ಏಳನೆಯ ತರಗತಿ ಮುಗಿಸಿ ಎಂಟಕ್ಕೆ ದಾಖಲಾಗದ ಪರಿಶಿಷ್ಟ ಬಾಲಕಿಯರ ಸಂಖ್ಯೆಯನ್ನು ಆಯಾ ಸದಸ್ಯರು ಶಾಲೆಯ ಹಾಜರಿ ಪುಸ್ತಕದಿಂದ ಪಡೆದು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು ಅಪೇಕ್ಷಣೀಯ.