ಕುರ್ಚಿ ಬಂದರೆ ಸಾಲದು, ಕೂಡಿಸುವ ರೀತಿ ಗೊತ್ತಿರಬೇಕು



ಲಕ್ವಾ ಹೊಡೆದ ಮಾವ, ಬಿದ್ದು ಸೊಂಟದ ಎಲುಬು ಮುರಿದುಕೊಂಡ ಅತ್ತಿ, ಹುಟ್ಟಿದಾಗಿನಿಂದ ನಡೆಯಲಾರದ ಮಗ. ಇಂಥವರು ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಊರುಗಳಲ್ಲಿಯೂ ಇದ್ದಾರೆ. ಅವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಗಾಲಿಕುರ್ಚಿ ಸಿಕ್ಕಿತು ಅಂದ್ರ ಮನೆಯವರಿಗೆ ದೊಡ್ಡ ಸಮಾಧಾನ. "ಇನ್ನ ಚಿಂತಿಲ್ಲ, ಮುಂಜಾನೆ ಕುಂದರಿಸಿ ಹೊಲಕ್ಕ ಹೋದ್ರಾತು" ಅನಿಸುತ್ತದೆ. ಅಪಾಯ ಇರುವುದು ಇಲ್ಲಿಯೇ. ಕುರ್ಚಿ ರೋಗಿಯನ್ನು ಹೊರುತ್ತದೆ, ಕಾಯುವುದಿಲ್ಲ. ಕಾಯಬೇಕಾದವರು ನಾವೇ. ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಅಳತೆ ಸರಿ ಇದೆಯೇ?

ರೋಗಿಯ ಬೆನ್ನು ಹಿಂದಕ್ಕೆ ತಾಗಿರಲಿ. ಪಾದ ಪೂರ್ತಿ ಪಾದದ ಹಲಗೆಯ ಮೇಲೆ ಊರಿರಲಿ. ಮೊಣಕಾಲಿನ ಹಿಂದೆ, ಕುರ್ಚಿಯ ಅಂಚಿಗೂ ಕಾಲಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಲಿ. ಕಾಲು ಜೋತಾಡಿದರೆ ಮೈ ಮುಂದಕ್ಕೆ ಜಾರುತ್ತದೆ. ದೊಡ್ಡವರ ಕುರ್ಚಿಯಲ್ಲಿ ಸಣ್ಣ ಕೂಸನ್ನು ಕೂಡಿಸಿದರೆ ಬೆನ್ನು ಒಂದು ಕಡೆ ವಾಲುತ್ತದೆ. ದಾನವಾಗಿ ಬಂದ ಕುರ್ಚಿಯಾದರೂ ಅಳತೆ ನೋಡಿಯೇ ತೆಗೆದುಕೊಳ್ಳಿರಿ.

2. ಕೂಡಿಸುವಾಗ, ಎಬ್ಬಿಸುವಾಗ

ಚಕ್ಕಡಿ ಕೊಳ್ಳ ಹರಿಯುವ ಮೊದಲು ಗಾಲಿಗೆ ಕಲ್ಲು ಕೊಡುವುದನ್ನು ನಾವು ಮರೆಯುವುದಿಲ್ಲ. ಗಾಲಿಕುರ್ಚಿಗೂ ಅದೇ ನಿಯಮ. ಮೊದಲು ಎರಡೂ ಗಾಲಿಗೆ ಬ್ರೇಕ್ ಹಾಕಿರಿ, ಆಮೇಲೆ ರೋಗಿಯನ್ನು ಮುಟ್ಟಿರಿ. ಗಾಲಿಯಲ್ಲಿ ಗಾಳಿ ಕಡಿಮೆ ಇದ್ದರೆ ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಗಾಳಿಯನ್ನು ಆಗಾಗ ನೋಡಿರಿ.

ಪಾದದ ಹಲಗೆಯನ್ನು ಮೇಲಕ್ಕೆ ಮಡಚಿರಿ. ರೋಗಿ ಅದರ ಮೇಲೆ ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಲಕ್ವಾ ಆದವರಿಗೆ ಕುರ್ಚಿಯನ್ನು ಗಟ್ಟಿ ಇರುವ ಕೈಕಾಲಿನ ಕಡೆ ಇಡಿರಿ. ಸ್ವಾಧೀನವಿಲ್ಲದ ಕೈ ಹಿಡಿದು ಎಂದೂ ಜಗ್ಗಬ್ಯಾಡ್ರಿ, ಹೆಗಲಿನ ಕೀಲು ಜಾರುತ್ತದೆ. ಸೊಂಟಕ್ಕೆ ಗಟ್ಟಿ ಪಟ್ಟಿ ಸುತ್ತಿ ಅದನ್ನು ಹಿಡಿಯಿರಿ. ನೀವು ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ ಇಟ್ಟು ಎತ್ತಿರಿ. ಭಾರ ಹೆಚ್ಚಿದ್ದರೆ ಇಬ್ಬರಾಗಿರಿ. ನೋಡಿಕೊಳ್ಳುವವಳ ಸೊಂಟ ಹೋದರೆ ಮನೆಯಲ್ಲಿ ಇಬ್ಬರು ರೋಗಿಗಳು.

3. ಕುಂತಲ್ಲೇ ಹುಣ್ಣು

ಹುಣ್ಣು ಮಲಗಿದವರಿಗಷ್ಟೇ ಆಗುತ್ತದೆ ಎಂದು ತಿಳಿಯಬೇಡಿರಿ. ಕುಂತಾಗ ಮೈಭಾರವೆಲ್ಲ ಕೂಡುವ ಭಾಗದ ಎರಡು ಎಲುಬಿನ ಮೇಲೆ ಬೀಳುತ್ತದೆ. ಅಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಅರಿವಿಲ್ಲದ ಮೈಯಾದರೆ ನೋವೂ ತಿಳಿಯುವುದಿಲ್ಲ. ಹುಣ್ಣು ಎಲುಬಿಗೆ ಇಳಿದು ನಂಜಾದರೆ ಜೀವಕ್ಕೇ ಕುತ್ತು.

ಅರ್ಧ ತಾಸಿಗೊಮ್ಮೆ ರೋಗಿಯನ್ನು ಮುಂದಕ್ಕೆ, ಇಲ್ಲವೇ ಎಡಕ್ಕೆ ಬಲಕ್ಕೆ ಬಾಗಿಸಿ ಒಂದೆರಡು ನಿಮಿಷ ಹಿಡಿಯಿರಿ. ಕೆಳಗೆ ದಪ್ಪ ಫೋಮಿನ ಗಾದಿ ಹಾಕಿರಿ. ನಡುವೆ ತೂತಿರುವ ಟ್ಯೂಬಿನಂಥ ಗಾದಿ ಬೇಡ, ಅದರ ಅಂಚೇ ರಕ್ತ ತಡೆಯುತ್ತದೆ. ಬಟ್ಟೆ ಮುದುಡಿರಬಾರದು, ಹಸಿ ಇರಬಾರದು. ದಿನಾ ಸಂಜೆ ಮೈ ನೋಡಿರಿ. ಒಂದು ಜಾಗ ಕೆಂಪಾಗಿ, ಕಪ್ಪಾಗಿ, ಬಿಸಿಯಾಗಿ ಇಲ್ಲವೇ ಗಟ್ಟಿಯಾಗಿ ಕಂಡರೆ ಆ ಜಾಗದ ಮೇಲೆ ಭಾರ ಹಾಕಬೇಡಿರಿ, ತಿಕ್ಕಬೇಡಿರಿ. ಕೂಡಲೇ ಆಶಾ ಕಾರ್ಯಕರ್ತೆಗೆ ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

4. ಕಟ್ಟಿ ಹಾಕಬೇಡಿರಿ

ಬೀಳಬಾರದೆಂದು ಎದೆಗೆ ಟವೆಲ್ ಸುತ್ತಿ ಕುರ್ಚಿಗೆ ಕಟ್ಟಿ ಹೋಗುವುದು ಬಹಳ ಅಪಾಯ. ರೋಗಿ ಕೆಳಕ್ಕೆ ಜಾರಿದಾಗ ಅದೇ ಟವೆಲ್ ಕುತ್ತಿಗೆಗೆ ಬಂದು ಉಸಿರು ಕಟ್ಟುತ್ತದೆ. ಜಾರುತ್ತಿದ್ದರೆ ಸೊಂಟವನ್ನು ಹಿಂದಕ್ಕೆ ಸರಿಸಿ, ಪಾದಕ್ಕೆ ಆಸರೆ ಕೊಡಿರಿ. ಬೆಲ್ಟ್ ಬೇಕಾದರೆ ಸೊಂಟದ ಎಲುಬಿನ ಮೇಲೆ ಇರಲಿ, ತಟ್ಟನೆ ಬಿಚ್ಚುವಂತಿರಲಿ, ಒಬ್ಬರು ಹತ್ತಿರ ಇರಲಿ. ಉಣಿಸುವಾಗ ನೆಟ್ಟಗೆ ಕೂಡಿಸಿರಿ, ಉಂಡ ಮೇಲೂ ಅರ್ಧ ತಾಸು ಹಾಗೆಯೇ ಇರಲಿ.

ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಪಾಯಖಾನೆಗೆ ಬಳಸಬೇಡಿರಿ. ಅದರ ಬಲ ಹೋಗುತ್ತದೆ, ಒದ್ದೆ ನೆಲದಲ್ಲಿ ಕಾಲು ಅಗಲಿ ಮುರಿಯುತ್ತದೆ. ಕಬ್ಬಿಣದ ಕಮೋಡ್ ಕುರ್ಚಿಯಾದರೂ ಕಾಲಿಗೆ ರಬ್ಬರ್ ಬುಚ್ಚು ಇವೆಯೇ ನೋಡಿರಿ.

5. ಎಲ್ಲಿ ಕೇಳಬೇಕು?

ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯವನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚು ಎಂದು ವೈದ್ಯರ ಪ್ರಮಾಣಪತ್ರ ಇದ್ದರೆ ಸೌಲಭ್ಯ ಕೇಳಲು ದಾರಿಯಾಗುತ್ತದೆ. ಕೇಂದ್ರ ಸರ್ಕಾರದ ಯೋಜನೆಗಳ ಶಿಬಿರಗಳಲ್ಲಿ ಕಾನ್ಪುರದ ಅಲಿಮ್ಕೊ ಸಂಸ್ಥೆ ತಯಾರಿಸಿದ ಗಾಲಿಕುರ್ಚಿಗಳನ್ನು ಹಂಚಿದ್ದಾರೆ. 60 ವರ್ಷ ದಾಟಿದ ಬಡವರಿಗಾಗಿ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಶುರುವಾಯಿತು. ಶಿಬಿರ ಯಾವಾಗ ಎಂದು ಧಾರವಾಡದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ.

ಹೊಸ್ತಿಲು, ಕಟ್ಟೆ ದಾಟಲು ಇಳಿಜಾರು ಬೇಕಾಗುತ್ತದೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇದ್ದರೆ ತಳ್ಳಲು ಹಗುರ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ನೀವು ಕೆಳಗಡೆ ಇದ್ದು ಇಳಿಸಿರಿ. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಮೆತ್ತಿದರೆ ತೊಳೆದು ಒರೆಸಿರಿ, ಮಣ್ಣು ತುಂಬಿದರೆ ಬ್ರೇಕ್ ಹಿಡಿಯುವುದಿಲ್ಲ.

ಇದೆಲ್ಲ ಒಬ್ಬಳಿಂದ ಆಗುವ ಕೆಲಸವಲ್ಲ. ಅರ್ಧ ತಾಸಿಗೊಮ್ಮೆ ರೋಗಿಯನ್ನು ಬಾಗಿಸುವವಳು ಕೂಲಿಗೆ ಹ್ಯಾಂಗ ಹೋದಾಳು? ಸಂಘ ಇರುವುದು ಇಂಥದ್ದಕ್ಕೂ ಹೌದು. ಓಣಿಯ ಇಬ್ಬರು ಸರದಿ ಮೇಲೆ ಒಂದೊಂದು ತಾಸು ಕುಂತರೆ ಆಕೆಗೆ ಅಷ್ಟು ಹೊತ್ತು ಕೈ ಬಿಡುವಾಗುತ್ತದೆ.

ಸಭೆಯಲ್ಲಿ ಚರ್ಚಿಸಿರಿ

• ನಮ್ಮ ಸಂಘದ ಯಾರ ಮನೆಯಲ್ಲಿ ಎದ್ದು ಓಡಾಡಲಾರದವರು ಇದ್ದಾರೆ? ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?
• ಊರಲ್ಲಿ ಇರುವ ಗಾಲಿಕುರ್ಚಿಗಳ ಬ್ರೇಕ್, ಗಾಳಿ, ಗಾದಿ ಸರಿ ಇವೆಯೇ? ಈ ವಾರ ಇಬ್ಬರು ಹೋಗಿ ನೋಡಿ ಬರಬಹುದೇ?
• ಬರುವ ಗ್ರಾಮಸಭೆಯಲ್ಲಿ ಯಾವ ಬೇಡಿಕೆ ಇಡೋಣ?