ಕರ್ಕಾಟಕ ಅಮಾಸೆಗೆ ಮನೆ ತೋರಿಸು

ಮಾಣಿ, ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಆಗ ಉತ್ತರ ಕೊಡಲಿಲ್ಲ. "ಮಾವ, ಮನಿ ಹೀಂಗೇ ಕೊಡ್ಕಾ, ಸಮ ಮಾಡಿ ಕೊಡ್ಕಾ?" ಅಂತ ಕೇಳಿದೆ. ಬೆಂಗಳೂರಿನಲ್ಲಿ ಯಾರೋ ನಿನ್ನ ತಲೆಯಲ್ಲಿ ಲೆಕ್ಕ ತುಂಬಿದ್ದಾರೆ. ಸಾಲ ತೆಗೆದು ಚಾವಡಿಗೆ ಫಾಲ್ಸ್ ಸೀಲಿಂಗ್, ಅಡುಗೆಮನೆಗೆ ಹೊಳೆಯುವ ಕಪಾಟು, ಮೆಟ್ಟಿಲಿಗೆ ಗ್ರಾನೈಟ್ ಹಾಕಿಸಿದರೆ ಮನೆಯ ಬೆಲೆ ಏರುತ್ತದಂತೆ. ಮಾರುವುದೋ ಇಟ್ಟುಕೊಳ್ಳುವುದೋ, ಅದು ನಿನಗೂ ನಿನ್ನಮ್ಮನಿಗೂ ಬಿಟ್ಟದ್ದು. ಆದರೆ ಬೆಲೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮಾತ್ರ ಈ ಮಾವ ಹೇಳಲೇಬೇಕು. ಯಾಕೆಂದರೆ ಈ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು.

ಮೊದಲು ನಿನ್ನ ಮನೆ ನಿಂತಿರುವ ಜಾಗ ನೆನಪು ಮಾಡಿಕೋ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಒಂದು ಹೆದ್ದಾರಿ. ಪ್ರವಾಸಕ್ಕೆ ಬಂದವರು ಕಾರು ನಿಲ್ಲಿಸಿ ಎರಡೂ ಕಡೆ ತಿರುಗಿ ಫೋಟೋ ತೆಗೆಯುತ್ತಾರೆ. ಅವರ ಕಣ್ಣಿಗೆ ಅದು ಚಂದ. ಮನೆಯ ಗೋಡೆಗೆ ಅದು ಎರಡು ಕಡೆಯ ನೀರು. ಮೂರನೆಯದು ಮೇಲಿಂದ ಬರುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ನಿನ್ನ ಮನೆಯ ಮಾಡು ಸಾವಿರ ಚದರಡಿ ಅಂತ ಇಟ್ಟುಕೊ. ಒಂದು ವರ್ಷದಲ್ಲಿ ಅದರ ಮೇಲೆ ಬೀಳುವ ನೀರು ಮೂರು ಲಕ್ಷ ಎಪ್ಪತ್ತು ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಎಪ್ಪತ್ತಕ್ಕೂ ಹೆಚ್ಚು. ಅಷ್ಟು ಟ್ಯಾಂಕರ್ ನೀರನ್ನು ಒಂದು ಹನಿಯೂ ಒಳಗೆ ಬಿಡದೆ ಹೊರಗೆ ದಾಟಿಸುವ ಮನೆಗೆ ನಮ್ಮೂರಲ್ಲಿ ಬೆಲೆ. ದಾಟಿಸಲಾರದ ಮನೆಯನ್ನು ಕೊಳ್ಳುವವನು ಮನೆ ಅಂತ ಎಣಿಸುವುದೇ ಇಲ್ಲ. ಜಾಗಕ್ಕೆ ರೇಟು ಹೇಳಿ, ಅದರಲ್ಲಿ ಕೆಡಹುವ ಖರ್ಚು ಕಳೆಯುತ್ತಾನೆ.

ಹಾಗಾಗಿ ಒಂದು ಮಾತು ಮನಸ್ಸಲ್ಲಿ ಇಟ್ಟುಕೋ: ಇಲ್ಲಿ ಬೆಲೆ ಏರಿಸುವುದು ಅಂದರೆ ಬೆಲೆ ಸೋರಿಹೋಗದಂತೆ ನೋಡಿಕೊಳ್ಳುವುದು. ಕೈಯಲ್ಲಿ ನೂರು ರೂಪಾಯಿ ಇದ್ದರೆ ಅರವತ್ತು ಮಾಡಿಗೆ ಮತ್ತು ನೀರು ಹರಿಯುವ ದಾರಿಗೆ, ಇಪ್ಪತ್ತು ಗೋಡೆಗೆ, ಹತ್ತು ಬಾವಿಗೆ ಮತ್ತು ಬಚ್ಚಲಿಗೆ. ಉಳಿದ ಹತ್ತರಲ್ಲಿ ಚಂದ.

ಮಾಡಿನಿಂದ ಶುರು ಮಾಡು. ನಿಮ್ಮದು ಹಂಚಿನ ಮನೆ. ಆ ಹಂಚನ್ನು ಹಳೆಯ ಕಾಲದ್ದು ಅಂತ ತಾತ್ಸಾರ ಮಾಡಬೇಡ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಹೊಳೆ ದಂಡೆಗಳಲ್ಲಿ ಹಂಚಿನ ಚಿಮಣಿಗಳು ಎದ್ದವು. ಕುಂದಾಪುರದಲ್ಲೂ ಎದ್ದವು. ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರುವ ಆ ಹಂಚಿನ ಮಾಡು ನಮ್ಮ ಮಳೆಯನ್ನು ನೂರು ವರ್ಷ ತಡೆದಿದೆ. ಅದರ ಕೆಳಗೆ ಬೇಸಗೆಯಲ್ಲಿ ಫ್ಯಾನಿಲ್ಲದೆ ಮಲಗಿದ ನೆನಪು ನಿನಗೂ ಇರಬೇಕು.

ಸೋರುವ ಜಾಗ ಹುಡುಕಲು ಮೇಸ್ತ್ರಿ ಬೇಡ. ಬಿಸಿಲು ಏರಿದ ಹೊತ್ತಿಗೆ ಅಟ್ಟ ಹತ್ತಿ, ಕಿಟಕಿ ಮುಚ್ಚಿ, ಕತ್ತಲಲ್ಲಿ ಸ್ವಲ್ಪ ಹೊತ್ತು ಕೂರು. ಎಲ್ಲೆಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲೆಲ್ಲ ಮಾಡಿನ ಮರದ ಪಕಾಸಿಗೆ ಸೀಮೆಸುಣ್ಣದ ಗುರುತು ಹಾಕು. ಒಡೆದ ಹಂಚಿಗಿಂತ ಜಾರಿದ ಹಂಚೇ ಹೆಚ್ಚು ಸಿಗುತ್ತದೆ. ಮಂಗ ಓಡಿದ್ದು, ತೆಂಗಿನ ಮಡಲು ಬಿದ್ದದ್ದು, ಗಾಳಿ ಎತ್ತಿದ್ದು. ಮೇಲಿನ ಹಂಚನ್ನು ನಾಲ್ಕು ಬೆರಳು ಎತ್ತಿ ಕೆಳಗಿನದನ್ನು ಜಾರಿಸಿ ಕೂರಿಸಿದರೆ ಮುಗಿಯಿತು, ಒಳಗಿನಿಂದಲೇ ಆಗುತ್ತದೆ. ಒಡೆದದ್ದಕ್ಕೆ ಬದಲಿ ತರುವಾಗ ಮಾತ್ರ ಹಂಚಿನ ಅಡಿ ನೋಡು. ಅಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಕೊಕ್ಕೆಗೆ ಸರಿಯಾಗಿ ಕೂರುವುದಿಲ್ಲ. ಹಳೆ ಮನೆ ಕೆಡಹುವ ಕಡೆ ಕೇಳಿದರೆ ಅದೇ ಅಚ್ಚಿನ ಹಂಚು ಅಗ್ಗಕ್ಕೆ ಸಿಗುತ್ತದೆ. ನೂರು ಚದರಡಿಗೆ ಸುಮಾರು 150 ಹಂಚು ಬೇಕು, ಆ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚೇ ತಂದು ಕೊಟ್ಟಿಗೆಯಲ್ಲಿ ಪೇರಿಸಿಡು. ಬದಲಿ ಹಂಚಿನ ಆ ರಾಶಿ ಕಂಡರೆ ಕೊಳ್ಳುವವನಿಗೆ ಮನೆಯನ್ನು ನೋಡಿಕೊಂಡವರು ಇದ್ದರು ಅಂತ ಗೊತ್ತಾಗುತ್ತದೆ.

ಅಟ್ಟದಲ್ಲಿ ಇರುವಾಗಲೇ ಪಕಾಸಿಯ ತುದಿಗಳನ್ನು ಚಾಕುವಿನಿಂದ ಚುಚ್ಚಿ ನೋಡು. ಚಾಕು ಸಲೀಸಾಗಿ ಇಳಿದರೆ ಒರಲೆ ಹಿಡಿದಿದೆ ಅಂತ ಅರ್ಥ, ಆ ತುಂಡು ಬದಲಿಸಲು ಆಚಾರಿಯನ್ನು ಕರೆ. ಗಟ್ಟಿ ಇದ್ದರೆ ಒಣಗಿದ ದಿನ ನೋಡಿ ಗೇರೆಣ್ಣೆ ಹಚ್ಚು. ಗೇರುಬೀಜದ ಸಿಪ್ಪೆಯ ಆ ಕಪ್ಪೆಣ್ಣೆಗೆ ಒರಲೆ ಹತ್ತಿರ ಬರುವುದಿಲ್ಲ, ನಮ್ಮಜ್ಜನ ಕಾಲದಿಂದ ಬಂದ ಮದ್ದು. ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಕೈಗವಸು ಹಾಕದೆ ಮುಟ್ಟಬೇಡ.

ಮಾಡಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಎರಡನೆಯ ಪ್ರಶ್ನೆ. ಹಿಂದೆ ಅಡಿಕೆ ಮರ ಸೀಳಿ ದಬ್ಬೆ ಕಟ್ಟುತ್ತಿದ್ದೆವು. ಈಗ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕಟ್ಟಬಹುದು. ತಗಡಿನದು ಬೇಡ, ಕಡಲ ಉಪ್ಪುಗಾಳಿ ಅದನ್ನು ಕೆಲವೇ ಮಳೆಗಾಲದಲ್ಲಿ ತಿಂದು ಹಾಕುತ್ತದೆ. ಮಾಡಿನಂಚಿನ ನೀರು ಬೀಳುವ ಸಾಲಿನಲ್ಲಿ ಒಂದಡಿ ಅಗಲ ಜಲ್ಲಿ ಹರಡು, ಕೆಸರು ಗೋಡೆಗೆ ಹಾರುವುದಿಲ್ಲ. ಅಂಗಳ ಗೋಡೆಯಿಂದ ಹೊರಗೆ ಇಳಿಜಾರಾಗಿದೆಯಾ ಅಂತ ಒಂದು ಕೊಡ ನೀರು ಸುರಿದು ನೋಡು. ನೀರು ಮನೆ ಕಡೆಗೇ ತಿರುಗಿದರೆ ಹಾರೆ ಹಿಡಿದು ಮಣ್ಣು ಕೆರೆ. ಇದಕ್ಕೆಲ್ಲ ದುಡ್ಡಿಗಿಂತ ಬೆನ್ನು ಬೇಕು. ನಿನಗೆ ವಯಸ್ಸಿದೆ.

ಈಗ ಗೋಡೆ. ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ಹೊರನಾಡಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದ ಹೊಸತು. ನನ್ನ ಮನೆಯ ಕಡಲ ಕಡೆಯ ಕೆಂಪುಕಲ್ಲಿನ ಗೋಡೆ ಮಂಕಾಗಿ ಕಂಡಿತು. ಒಬ್ಬ ಗುತ್ತಿಗೆದಾರನ ಮಾತು ಕೇಳಿ ಹಳೆಯ ಸುಣ್ಣದ ಗಾರೆ ಕಿತ್ತು, ಸಿಮೆಂಟು ಮೆತ್ತಿಸಿ, ಮೇಲೆ ರಬ್ಬರಿನಂಥ ದುಬಾರಿ ಪೇಂಟು ಹೊಡೆಸಿದೆ. ಮೇ ತಿಂಗಳಲ್ಲಿ ಮದುವೆ ಚಪ್ಪರದ ಹಾಗೆ ಹೊಳೆಯಿತು. ಸೋಣೆ ತಿಂಗಳು ಬರುವಷ್ಟರಲ್ಲಿ ಹಪ್ಪಳದ ಹಾಗೆ ಉಬ್ಬಿ ಸುಲಿಯಿತು. ಕೆಂಪುಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದನ್ನು ಅದು ಬೆವರಿ ಹೊರಗೆ ಹಾಕಬೇಕು. ಸುಣ್ಣ ಅದಕ್ಕೆ ದಾರಿ ಬಿಡುತ್ತದೆ, ಸಿಮೆಂಟೂ ಪ್ಲಾಸ್ಟಿಕ್ ಪೇಂಟೂ ಬಾಗಿಲು ಹಾಕುತ್ತವೆ. ಹೊರದಾರಿ ಸಿಗದ ಒದ್ದೆ ಒಳಗಡೆಗೆ ತಿರುಗಿ ನಿನ್ನತ್ತೆಯ ಸೀರೆ ಕಪಾಟಿಗೆ ಬೂಸಲು ಹಿಡಿಯಿತು. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಆದ್ದರಿಂದ ಗೋಡೆಗೆ ಚಿಪ್ಪುಸುಣ್ಣವೇ ಸಾಕು. ನೀರಿಗೆ ಸುಣ್ಣ ಹಾಕು, ಸುಣ್ಣದ ಮೇಲೆ ನೀರು ಸುರಿಯಬೇಡ, ಸಿಡಿದರೆ ಕಣ್ಣು ಹೋಗುತ್ತದೆ. ಕನ್ನಡಕ ಹಾಕಿಕೋ. ರಾತ್ರಿಯಿಡೀ ಅರಳಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟಿಗೆ ಸ್ವಲ್ಪ ಗೋಂದು ಬೆರೆಸು. ಗೋಡೆಯನ್ನು ಮೊದಲು ನೀರು ಚಿಮುಕಿಸಿ ತೋಯಿಸಿ, ತೆಳ್ಳಗೆ ಮೂರು ಸಲ ಬಳಿ. ಒಂದೇ ಸಲ ದಪ್ಪಗೆ ಬಳಿದರೆ ಹೊಟ್ಟಾಗಿ ಉದುರುತ್ತದೆ. ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬು. ಅದಕ್ಕೆ ಕಡಲ ಮರಳು ಹತ್ತಿರ ಇದೆಯೆಂದು ಒಂದು ಬುಟ್ಟಿಯನ್ನೂ ತರಬೇಡ. ಅದರ ಉಪ್ಪು ವರ್ಷವರ್ಷವೂ ಗೋಡೆಯಲ್ಲಿ ಬಿಳಿಯಾಗಿ ಅರಳುತ್ತದೆ. ಪಡುವಣ ಗೋಡೆಗೆ ಹಿಂದೆ ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಬಡತನಕ್ಕೆ ಮಾಡಿದ್ದಲ್ಲ. ಎರಚಲು ಮಳೆಗೆ ಅದಕ್ಕಿಂತ ಅಗ್ಗದ ಮದ್ದು ಇವತ್ತಿಗೂ ಇಲ್ಲ.

ಇನ್ನು ಬಾವಿ. ನಮ್ಮೂರಲ್ಲಿ ಮನೆ ನೋಡಲು ಬಂದ ಹೆಂಗಸರು ಚಾವಡಿಗಿಂತ ಮೊದಲು ಬಾವಿಕಟ್ಟೆಗೆ ಹೋಗುತ್ತಾರೆ. "ನೀರು ಸೀಯಾ, ಉಪ್ಪಾ?" ಅಂತ ಕೇಳುತ್ತಾರೆ. ಬೇಸಗೆಯಲ್ಲಿ ಹೊಳೆಗೆ ಕಡಲ ನೀರು ಏರಿದಾಗ ನಮ್ಮ ಬಾವಿಗಳು ಉಪ್ಪಾಗುವುದು ನಿನಗೆ ಗೊತ್ತು. ನಾನು ಹೇಳಿದ ಆ ಎಪ್ಪತ್ತು ಟ್ಯಾಂಕರಿನಲ್ಲಿ ಒಂದಿಷ್ಟನ್ನು ಬಾವಿಗೆ ಬಿಡು. ಒಂದು ಡ್ರಮ್ಮಿನಲ್ಲಿ ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ಹೊಳೆಮರಳು ಹಾಕಿ, ದಬ್ಬೆಯ ನೀರನ್ನು ಅದರ ಮೂಲಕ ಬಾವಿಗೆ ಇಳಿಸು. ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡು, ಅದು ಮಾಡಿನ ಧೂಳು, ಹಕ್ಕಿ ಹಿಕ್ಕೆ ತೊಳೆದ ನೀರು. ಒಂದೇ ವರ್ಷದಲ್ಲಿ ಬಾವಿ ಸೀಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸೀ ನೀರಿನ ಭಾರ ಉಪ್ಪುನೀರನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಬಾವಿಗೆ ಬಲೆ ಮುಚ್ಚು, ಕಟ್ಟೆ ತಿಕ್ಕಿ ತೊಳೆ. ಬಚ್ಚಲಿನಲ್ಲಿ ಸೋರುವ ನಳ್ಳಿಗೆ ಹೊಸ ವಾಷರ್ ಹಾಕು, ನೀರು ಬಸಿಯುವ ಗುಂಡಿಯನ್ನು ಬಾವಿಯಿಂದ ಆದಷ್ಟು ದೂರಕ್ಕೆ ಸರಿಸು.

ಉಳಿದ ಹತ್ತು ರೂಪಾಯಿಯ ಚಂದ ಹೀಗೆ. ಚಾವಡಿ, ಅಡುಗೆಮನೆ ಎರಡರ ಮೇಲೂ ತಲಾ ಎರಡು ಹಂಚು ತೆಗೆದು ಗಾಜಿನ ಹಂಚು ಇಡು. ಹಗಲು ದೀಪ ಹಾಕದ ಮನೆ ಆಗುತ್ತದೆ. ಫಾಲ್ಸ್ ಸೀಲಿಂಗ್ ಹಾಕಿದರೆ ಆ ಬೆಳಕೂ ಹೋಯಿತು, ಸೋರುವ ಜಾಗವೂ ಕಾಣದಾಯಿತು. ಅಜ್ಜಿ ಕಾಲದ ಕೆಂಪು ಕಾವಿ ನೆಲದ ಮೇಲೆ ಟೈಲ್ಸ್ ಕೂರಿಸಬೇಡ. ಸಾಬೂನು ನೀರಲ್ಲಿ ತೊಳೆದು, ಒಣಗಿಸಿ, ತೆಂಗಿನ ಕತ್ತದಲ್ಲಿ ತಿಕ್ಕಿ, ತುಸು ಕಾಯಿಎಣ್ಣೆ ಒರೆಸು. ಹಲಸಿನ ಹೆಬ್ಬಾಗಿಲಿನ ಪೇಂಟು ಕೆರೆದು ಮರದ ಬಣ್ಣ ಹೊರಗೆ ತಾ. ಪೇಟೆಯಿಂದ ಬರುವವರು ಇಲ್ಲಿ ಹುಡುಕುವುದು ಪೇಟೆಯ ಮನೆಯನ್ನಲ್ಲ.

ಕರೆಂಟಿನ ಕೆಲಸಕ್ಕೆ ಮಾತ್ರ ನೀನು ಕೈ ಹಾಕಬೇಡ. ಒದ್ದೆ ಗೋಡೆಯ ಹಳೆ ವಯರಿಂಗ್ ಪ್ರಾಣ ತೆಗೆಯುತ್ತದೆ. ಲೈಸೆನ್ಸ್ ಇರುವವರಿಂದ ವಯರಿಂಗ್ ನೋಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಹಾಗೆಯೇ ಹಂಚಿನ ಮೇಲೆ ಕಾಲಿಟ್ಟು ಹತ್ತಬೇಡ, ಮಳೆ ಬಿದ್ದ ಮಾಡಿನ ಹತ್ತಿರವೂ ಹೋಗಬೇಡ. ನೀನು ಬಿದ್ದರೆ ಮನೆಗೆ ಎಷ್ಟು ಬೆಲೆ ಬಂದು ಏನು?

ಇನ್ನೊಂದು ರಿಪೇರಿಗೆ ಏಣಿ ಬೇಡ, ತಾಳ್ಮೆ ಬೇಕು. ಅದು ಕಾಗದದ ರಿಪೇರಿ. ಹಳೆ ಪತ್ರದಲ್ಲಿ ನಮ್ಮೂರು ಕುಂದಾಪುರ ತಾಲೂಕು, ಈಗ ಬೈಂದೂರು. ಪಹಣಿ ಯಾರ ಹೆಸರಲ್ಲಿದೆ, ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಬರುವ ಜಾಗವಾ, ಮನೆ ತೆರಿಗೆ ಕಟ್ಟಿದೆಯಾ ನೋಡು. ಅಜ್ಜನ ಹೆಸರಲ್ಲೇ ಉಳಿದಿದ್ದರೆ ಗ್ರಾನೈಟ್ ಮೆಟ್ಟಿಲು ಯಾರನ್ನೂ ಒಪ್ಪಿಸುವುದಿಲ್ಲ. ಮತ್ತೆ ನಮ್ಮದು ಕಡಲು, ಉಬ್ಬರ ಏರುವ ಹೊಳೆ ಎರಡರ ನಡುವಿನ ಊರು. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ. ಕಟ್ಟಲು ಬಿಡದ ಪಟ್ಟಿಯೊಳಗೆ ಅನುಮತಿ ಇರುವ ಹಳೆ ಮನೆಯನ್ನು ಅದರ ಅಡಿಪಾಯದ ಅಳತೆಯೊಳಗೆ ರಿಪೇರಿ ಮಾಡಬಹುದು, ಹೊರಗೆ ಚಾಚಲಾಗದು. ಹಾಗಾಗಿ ಒಂದು ಕೋಣೆ ಹೆಚ್ಚಿಗೆ ಎಳೆಯುವ ಆಸೆ ಇದ್ದರೆ ಮೊದಲು ಬರಹದಲ್ಲಿ ಒಪ್ಪಿಗೆ ತೆಗೆದುಕೋ. ಅನುಮತಿ ಇಲ್ಲದ ಕೋಣೆ ಇದ್ದ ಮನೆಯ ಬೆಲೆಯನ್ನೂ ತಿನ್ನುತ್ತದೆ. ನಿಂತ ಮನೆಯನ್ನು ನಿಂತ ಹಾಗೇ ಗಟ್ಟಿ ಮಾಡುವುದೇ ಆಸ್ತಿ ಅಂತ ನಾನು ಹೇಳುವುದಕ್ಕೆ ಇದೂ ಕಾರಣ.

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಬಾ. ತಿಂಗಳಿಗೆ ಎರಡು ಶನಿವಾರ, ಭಾನುವಾರ ಕೊಟ್ಟರೆ ಮೃಗಶಿರ ಮಳೆ ಹಿಡಿಯುವ ಮೊದಲು ಎಲ್ಲ ಮುಗಿಯುತ್ತದೆ. ಏಣಿ ಹಿಡಿಯಲು ನಾನಿದ್ದೇನೆ.

ಆಮೇಲೆ ಕೊಡಲೇಬೇಕು ಅಂತಿದ್ದರೆ ಕೊಳ್ಳುವವರನ್ನು ಜನವರಿಯ ಬಿಸಿಲಿಗೆ ಕರೆಯಬೇಡ, ಆ ಬಿಸಿಲಲ್ಲಿ ಎಲ್ಲ ಮನೆಯೂ ಒಳ್ಳೆಯ ಮನೆಯೇ. ಕರ್ಕಾಟಕ ಅಮಾಸೆಗೆ ಕರೆ. ಅವತ್ತು ನಮ್ಮೂರ ಮಹಾರಾಜಸ್ವಾಮಿಯ ಜಾತ್ರೆ, ಕಡಲಲ್ಲಿ ಮಿಂದ ಹೊಸ ಜೋಡಿಗಳು, ಕೊಡೆ ತಿರುಚುವ ಗಾಳಿ, ಸುರಿಯುವ ಆಸಾಡಿ ಮಳೆ. ಒದ್ದೆ ಕಾಲಲ್ಲಿ ಬಂದವರನ್ನು ಚಾವಡಿಯಲ್ಲಿ ಕೂರಿಸಿ, ಬಿಸಿ ಚಾ ಕೊಟ್ಟು, ಸುಮ್ಮನೆ ಕೂರು. ಅವರು ತಲೆ ಎತ್ತಿ ಮಾಡು ನೋಡುತ್ತಾರೆ, ಗೋಡೆಗೆ ಅಂಗೈ ಒತ್ತುತ್ತಾರೆ. ಅಂಗೈ ಒಣಗಿಯೇ ಇದ್ದರೆ ರೇಟಿನ ಮಾತು ಅವರೇ ತೆಗೆಯಲಿ.

ಆ ಹೊತ್ತಿಗೆ ನಿನಗೇ ಮನೆ ಕೊಡಲು ಮನಸ್ಸಾಗದಿದ್ದರೆ ನನಗೊಂದು ಫೋನು ಮಾಡು. ಜಾತ್ರೆ ಮುಗಿಸಿ ಚಾಕ್ಕೆ ನಾನೂ ಬರುತ್ತೇನೆ.