ಎಳೆಯರ ತರಗತಿಯಲ್ಲಿ ತಪ್ಪಿನ ಸ್ಥಾನ

ಅಕ್ಷರವೆಂದರೆ ನಾಶವಿಲ್ಲದುದು ಎಂದು ಶಬ್ದಜ್ಞರು ಅರ್ಥ ಹೇಳುವರು. ಆದರೆ ಒಂದನೆಯ ತರಗತಿಯ ಮಗುವಿನ ಪಾಟಿಯ ಮೇಲೆ ಆ ಅಕ್ಷರವು ದಿನಕ್ಕೆ ಹತ್ತಾರು ಸಲ ಹುಟ್ಟಿ ಹತ್ತಾರು ಸಲ ಅಳಿಯುತ್ತದೆ. ಬರೆದುದನ್ನು ಒರೆಸಿ, ಒರೆಸಿದುದನ್ನು ಮತ್ತೆ ಬರೆದು, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿದ ಬಳಿಕ ಅದು ಮನಸ್ಸಿನಲ್ಲಿ ಅಳಿಯದಂತೆ ನಿಲ್ಲುವುದು. ಈ ಹಾದಿಯುದ್ದಕ್ಕೂ ತಪ್ಪುಗಳಿರುವುದು ಸಹಜ. ಆ ತಪ್ಪನ್ನು ಶಾಲೆಯೂ ಮನೆಯೂ ಹೇಗೆ ಕಾಣಬೇಕೆಂಬುದೇ ಈ ಪಾಠದ ವಿಷಯ.

ಮಗು ತಪ್ಪು ಬರೆದಾಗ ಹಿರಿಯರು ಸಾಮಾನ್ಯವಾಗಿ ಎರಡೇ ಕಾರಣಗಳನ್ನು ಹೇಳುವರು. ಒಂದು, ಮಗುವಿಗೆ ಬುದ್ಧಿ ಸಾಲದು. ಇನ್ನೊಂದು, ಅದಕ್ಕೆ ಗಮನವಿಲ್ಲ. ಇವೆರಡಕ್ಕಿಂತಲೂ ಹೆಚ್ಚಾಗಿ ಕಾಣಬರುವ ಮೂರನೆಯ ಕಾರಣವೊಂದುಂಟು. ಮಗುವು ತಾನು ಅರಿತ ನಿಯಮವನ್ನು, ಅದು ಸಲ್ಲದ ಕಡೆಯಲ್ಲಿ ಅನ್ವಯಿಸಿರುತ್ತದೆ. ಅಂದರೆ ಮಗು ಆಲೋಚಿಸಿರುತ್ತದೆ. ಆಲೋಚಿಸಿದುದಕ್ಕಾಗಿ ಏಟು ತಿಂದ ಮಗು ಮುಂದೆ ಆಲೋಚಿಸುವುದನ್ನೇ ಬಿಡುವುದು. ಆದುದರಿಂದ ತಪ್ಪನ್ನು ತಿದ್ದುವುದಕ್ಕೆ ಮೊದಲು ಅದರ ಮೂಲವನ್ನು ಅರಿಯತಕ್ಕದ್ದು.

೧. ಅಕ್ಷರದಲ್ಲಿ ತಪ್ಪು

ಕನ್ನಡದ ವರ್ಣಮಾಲೆಯಲ್ಲಿ ೧೩ ಸ್ವರಗಳು, ೨ ಯೋಗವಾಹಗಳು, ೩೪ ವ್ಯಂಜನಗಳು, ಒಟ್ಟು ೪೯ ಅಕ್ಷರಗಳು. ಒಂದೊಂದು ವ್ಯಂಜನಕ್ಕೂ ೧೫ ರೂಪಗಳಂತೆ ಗುಣಿತದ ಬಳ್ಳಿಯನ್ನು ಬರೆದರೆ ೫೧೦ ರೂಪಗಳಾಗುವುವು. ಇವುಗಳ ಮೇಲೆ ಒತ್ತಕ್ಷರಗಳು ಬೇರೆ. ಅವುಗಳಲ್ಲಿ ಹಲವು ಮೂಲಾಕ್ಷರವನ್ನೇ ಹೋಲುವುವಾದರೂ, ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲದ ಗುರುತೇ ಸಿಗದಂತೆ ರೂಪವನ್ನು ಬದಲಿಸುತ್ತವೆ. ಆರು ವರ್ಷದ ಮಗುವು ಇಷ್ಟನ್ನೂ ಎರಡು ಮೂರು ವರ್ಷಗಳೊಳಗೆ ವಶಪಡಿಸಿಕೊಳ್ಳಬೇಕು. ದೊಡ್ಡವರಾದ ಮೇಲೆ ಈ ಶ್ರಮವು ನಮಗೆ ಮರೆತುಹೋಗಿರುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. 'ಸೂರ್ಯ' ಎಂಬ ಪದವನ್ನು ಮಗು 'ಸೂಯ್ರ' ಎಂದು ಓದುತ್ತದೆ. ಇದು ಅಜಾಗರೂಕತೆಯಲ್ಲ. ಕಣ್ಣಿಗೆ ಮೊದಲು ಕಾಣುವುದು ಯಕಾರ, ಅದರ ಮುಂದೆ ಕಾಣುವುದು ಅರ್ಕಾವೊತ್ತು. ಕಂಡ ಕ್ರಮದಲ್ಲಿಯೇ ಓದಬೇಕೆಂದು ಅದುವರೆಗೆ ಕಲಿಸಲಾಗಿದೆ. ಮಗು ಹಾಗೆಯೇ ಓದಿದೆ. ಉಚ್ಚಾರದಲ್ಲಿ ಮೊದಲು ಬರುವ ರಕಾರವನ್ನು ಬರವಣಿಗೆಯಲ್ಲಿ ಕೊನೆಗೆ ಇಡುವುದು ಲಿಪಿಯ ವಿಶೇಷವೇ ಹೊರತು ಮಗುವಿನ ದೋಷವಲ್ಲ. ಅದೇ ಮಗು ಉಕ್ತಲೇಖನದಲ್ಲಿ ರಕಾರವನ್ನು ಬರೆದು ಅದರ ಕೆಳಗೆ ಯಕಾರದ ಒತ್ತನ್ನು ಕೊಟ್ಟರೆ, ಅದು ಕಿವಿಯಿಂದ ಕೇಳಿದುದನ್ನು ಪ್ರಾಮಾಣಿಕವಾಗಿ ಬರೆದಂತೆ. ಹಾಗೆ ಬರೆಯುವ ರೂಢಿಯೂ ಕನ್ನಡದಲ್ಲುಂಟು. ಇದನ್ನರಿತ ಉಪಾಧ್ಯಾಯನು 'ತಪ್ಪು' ಎಂದು ಗೀಟೆಳೆಯದೆ, ಸೂರ್ಯ, ಕಾರ್ಯ, ವರ್ಷ, ಹರ್ಷ ಎಂಬ ಪದಗಳನ್ನು ಸಾಲಾಗಿ ಬರೆದು, ದನಿಯನ್ನು ಬಿಡಿಸಿ ಹೇಳಿಸಿ, ಚಿಹ್ನೆಯ ಮರ್ಮವನ್ನು ಮಗುವೇ ಕಂಡುಕೊಳ್ಳುವಂತೆ ಮಾಡುವನು.

ಹಾಗೆಯೇ 'ಹಾಲು' ಎಂಬುದನ್ನು 'ಆಲು' ಎಂದು ಬರೆಯುವ ಮಗು ತನ್ನ ಮನೆಯ ಮಾತನ್ನು ಬರೆದಿದೆ. ಅದನ್ನು ನೋಡಿ ತರಗತಿಯವರೆಲ್ಲ ನಗುವಂತೆ ಮಾಡಿದರೆ ಆ ಮಗುವಿನ ತಾಯಿಯ ಮಾತನ್ನೇ ನಕ್ಕಂತಾಯಿತು. ಮನೆಯ ಮಾತೂ ಮಾತೇ, ಪುಸ್ತಕದ ಮಾತು ಇನ್ನೊಂದು ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವುದೇ ಯುಕ್ತವಾದ ಮಾರ್ಗ.

ಕಲಿಸುವ ಕ್ರಮವನ್ನು ಬದಲಿಸಿದರೆ ಎಷ್ಟೋ ತಪ್ಪುಗಳು ಹುಟ್ಟುವುದೇ ಇಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯು ೨೦೦೯-೧೦ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವ್ಯಾಪಿಸಿತು. ಇದರಲ್ಲಿ ಅ, ಆ, ಇ, ಈ ಎಂಬ ಕ್ರಮವನ್ನು ಬಿಟ್ಟು, ಮೊದಲಿಗೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಕಲಿಸುವರು. ಇವು ಬರೆಯಲು ಸುಲಭವಾದವುಗಳು. ಮೇಲಾಗಿ, ಇವು ಐದನ್ನು ಕಲಿತೊಡನೆ ಮಗುವು ಅರಸ, ಅಗಸ, ಸರ, ರಸ, ಗರಗಸ ಎಂಬ ಪದಗಳನ್ನು ತಾನೇ ಓದಬಲ್ಲದು. ವರ್ಣಮಾಲೆಯ ಕ್ರಮವು ಶಾಸ್ತ್ರಶುದ್ಧವಾದುದು, ಉಚ್ಚಾರಣಸ್ಥಾನಗಳನ್ನು ಅನುಸರಿಸಿದುದು. ಅದನ್ನು ಮುಂದೆ ಕಲಿಯಲೇಬೇಕು. ಆದರೆ ಶಾಸ್ತ್ರದ ಕ್ರಮ ಬೇರೆ, ಮಗು ಕಲಿಯುವ ಕ್ರಮ ಬೇರೆ.

೨. ಅಂಕಿಯಲ್ಲಿ ತಪ್ಪು

'ನೂರ ಎರಡು' ಬರೆಯೆಂದರೆ ಮಗು ೧೦೦೨ ಎಂದು ಬರೆಯುವುದುಂಟು. ನೂರನ್ನು ಬರೆದು ಅದರ ಮುಂದೆ ಎರಡನ್ನು ಬರೆದಿದೆ, ಕೇಳಿದಂತೆ ಬರೆದಿದೆ. ಸ್ಥಾನಬೆಲೆಯೆಂಬ ತತ್ತ್ವವು ಅದಕ್ಕಿನ್ನೂ ಹೊಳೆದಿಲ್ಲ. ೫೨ರಲ್ಲಿ ೧೭ನ್ನು ಕಳೆಯೆಂದರೆ ಇನ್ನೊಂದು ಮಗು ೪೫ ಎಂದು ಉತ್ತರಿಸುತ್ತದೆ. ಎರಡರಲ್ಲಿ ಏಳು ಹೋಗದು. ಆದುದರಿಂದ ಏಳರಲ್ಲಿ ಎರಡನ್ನು ಕಳೆದು ಐದನ್ನು ಇಟ್ಟಿದೆ. 'ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು' ಎಂದು ಉಪಾಧ್ಯಾಯನೇ ಹೇಳಿಕೊಟ್ಟ ನಿಯಮವದು!

ಇಲ್ಲಿ ಬೈದು ಫಲವಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿಕಡ್ಡಿಗಳನ್ನೂ ಮಗುವಿನ ಕೈಗೆ ಕೊಟ್ಟು, 'ಇದರಲ್ಲಿ ಹದಿನೇಳನ್ನು ಕೊಡು' ಎನ್ನಬೇಕು. ಬಿಡಿಕಡ್ಡಿಗಳು ಸಾಲದಾದಾಗ ಮಗು ಕ್ಷಣಕಾಲ ತಡೆದು, ತಾನಾಗಿಯೇ ಒಂದು ಕಟ್ಟನ್ನು ಬಿಚ್ಚುವುದು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳನ್ನೂ ಒಂದು ಕಟ್ಟನ್ನೂ ಕೊಟ್ಟ ಮೇಲೆ ಉಳಿಯುವುದು ೩೫. ಆ ಕಟ್ಟು ಬಿಚ್ಚಿದ ಕ್ಷಣದಲ್ಲಿ ಬಿಚ್ಚಿದುದು ಹುರಿಯಷ್ಟೇ ಅಲ್ಲ, ಲೆಕ್ಕದ ಗಂಟೂ ಹೌದು. ನೂರು ಸಲ ಬಾಯಿಪಾಠ ಮಾಡಿಸಿದರೂ ಬಾರದ ಅರಿವು ಒಂದು ಸಲ ಕೈಯಾರೆ ಮಾಡಿದಾಗ ಬರುವುದು. ಮಗ್ಗಿಯ ಬಾಯಿಪಾಠ ಬೇಡವೆಂದಲ್ಲ. ಅರ್ಥವಾದ ಬಳಿಕ ಬಾಯಿಪಾಠವು ಬಲವಾಗುವುದು, ಅದಕ್ಕೆ ಮೊದಲಾದರೆ ಭಾರವಾಗುವುದು.

೩. ಭಯದಿಂದ ಹುಟ್ಟುವ ಮೌನ

ತಪ್ಪಿಗೆ ದಂಡನೆಯಾಗುವ ತರಗತಿಯಲ್ಲಿ ಮಕ್ಕಳು ತಪ್ಪು ಮಾಡುವುದನ್ನು ಬಿಡುವುದಿಲ್ಲ, ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ಪಕ್ಕದವನ ಪಾಟಿಯನ್ನು ಓರೆಗಣ್ಣಿನಿಂದ ನೋಡಿ ಬರೆಯುವ ಮಗು, ಮಗ್ಗಿಯನ್ನು ಎಲ್ಲರೂ ಒಕ್ಕೊರಲಿನಿಂದ ಹೇಳುವಾಗ ತುಟಿಯನ್ನು ಮಾತ್ರ ಆಡಿಸುವ ಮಗು, 'ತಿಳಿಯಿತೇ?' ಎಂದೊಡನೆ ಎಲ್ಲರಿಗಿಂತ ಮೊದಲು 'ಹೂಂ' ಎನ್ನುವ ಮಗು ಇಂತಹ ತರಗತಿಗಳಲ್ಲಿ ಕಂಡುಬರುವರು. ಇವರು ಗಲಾಟೆ ಮಾಡುವವರಲ್ಲ. ಆದುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ಮೌನವಾಗಿ ಐದು ವರ್ಷ ಕಳೆದು, ಓದಲು ಬಾರದೆಯೇ ಮೇಲಿನ ತರಗತಿಗೆ ಹೋಗಿ, ಕಡೆಗೆ 'ಶಾಲೆ ನನ್ನಿಂದಾಗದು' ಎಂದು ಹೊರಬೀಳುವರು. ಹಾನಿಯು ಒಂದು ದಿನದ್ದಲ್ಲ, ಒಂದು ಬಾಳಿನದು.

೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ತನ್ನ ೧೭ನೆಯ ಪ್ರಕರಣದಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೋಲನ್ನು ಕಾಯಿದೆಯು ಕಸಿದುಕೊಳ್ಳಬಲ್ಲದು; ಕೊಂಕುಮಾತನ್ನು ಬಿಡಿಸುವುದಕ್ಕೆ ಅಂತಃಕರಣವೇ ಬೇಕು.

ಕೊರೋನಾ ಮಹಾಮಾರಿಯ ಕಾಲದಲ್ಲಿ ೨೦೨೦ರ ಮಾರ್ಚಿಯಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದುದು ೨೦೨೧ರ ಅಕ್ಟೋಬರ್ ೨೫ರಂದು. ೨೦೨೦ರಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗು, ಶಾಲೆಯ ಬಾಗಿಲು ತೆರೆದಾಗ ಎರಡನೆಯ ತರಗತಿಯಲ್ಲಿತ್ತು. ೨೦೨೨-೨೩ನೆಯ ವರ್ಷವನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದು ನಡೆಸಿ, ಹಿಂದೆ ಉಳಿದ ಪಾಠಗಳನ್ನು ಮೊದಲಿನಿಂದ ಹಿಡಿಯಬೇಕಾಯಿತು. ಹಿಂದಕ್ಕೆ ಹೋಗಿ ಕಲಿಯುವುದು ನಾಚಿಕೆಯ ಸಂಗತಿಯಲ್ಲವೆಂಬುದನ್ನು ನಾಡಿಗೆ ನಾಡೇ ಆಗ ಒಪ್ಪಿಕೊಂಡಿತು. ಅದೇ ಉದಾರತೆಯು ಒಂಟಿಯಾಗಿ ಹಿಂದುಳಿದ ಮಗುವಿಗೂ ಸಲ್ಲಬೇಡವೇ?

೪. ಕಲಿತವರು ಕಲಿಸುವುದು

ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳಿಕೊಡುತ್ತಿದ್ದರು. ಇಂತಹದೇ ಮರಳಿನ ಪಾಠವನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು ತಾನು ನೋಡಿಕೊಳ್ಳುತ್ತಿದ್ದ ಅನಾಥಾಲಯದ ಶಾಲೆಯಲ್ಲಿ ಅದನ್ನು ಅಳವಡಿಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಅಲ್ಲಿ ಅದು 'ಮದರಾಸು ಪದ್ಧತಿ'ಯೆಂದೇ ಹೆಸರಾಯಿತು. ಕೂಲಿಮಠದ ಕೋಲನ್ನು ಹೊಗಳಬೇಕಾದುದಿಲ್ಲ. ಅದರ ಮರಳನ್ನೂ ಒಡನಾಡಿಯ ಪಾಠವನ್ನೂ ಮರೆಯಬೇಕಾದುದೂ ಇಲ್ಲ. ಮರಳಿನ ಮೇಲಿನ ತಪ್ಪು ಅಂಗೈ ಸವರಿದೊಡನೆ ಮಾಯವಾಗುತ್ತಿತ್ತು. ತಪ್ಪು ಉಳಿಯದ ಕಡೆ ಭಯವೂ ಉಳಿಯದು.

ನಲಿ-ಕಲಿ ತರಗತಿಯಲ್ಲಿಯೂ ಈ ಗುಣಗಳೇ ಬೇರೆ ರೂಪದಲ್ಲಿ ಕಾಣುವುವು. ಮಗುವಿನ ಕೈಗೆಟಕುವಂತೆ ಗೋಡೆಯ ಕೆಳಭಾಗದಲ್ಲಿ ಕರಿಹಲಗೆಯಿರುತ್ತದೆ. ಪ್ರತಿಯೊಂದು ಮಗುವೂ ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು, ತನ್ನ ಗತಿಯಲ್ಲಿ ಏರುತ್ತದೆ. ಕೆಲವರು ಉಪಾಧ್ಯಾಯರ ನೆರವಿನಿಂದ, ಕೆಲವರು ಸಹಪಾಠಿಗಳ ನೆರವಿನಿಂದ, ಕೆಲವರು ಸ್ವಂತವಾಗಿ ಕಲಿಯುವರು. ಕಲಿತ ಮಗು ಇನ್ನೊಂದಕ್ಕೆ ಹೇಳಿಕೊಡುವಾಗ ತನ್ನ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತದೆ. ಪಡೆದುದನ್ನು ಹಂಚಿದರೆ ಹೆಚ್ಚುವ ದ್ರವ್ಯ ವಿದ್ಯೆಯೊಂದೇ.

೫. ಪಂಕ್ತಿಯ ಪಾಠ

ಮಧ್ಯಾಹ್ನದ ಊಟವೂ ಶಾಲೆಯ ಪಾಠಗಳಲ್ಲೊಂದು. ೨೦೦೨ರ ಜೂನ್ ತಿಂಗಳಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ಎಲ್ಲೆಡೆಗೆ ಹಬ್ಬಿದ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟುದು ಅರ್ಥವತ್ತಾಗಿದೆ. ಶರಣರ ದಾಸೋಹದಲ್ಲಿ ಕೊಡುವವನಿಗೆ ಹಮ್ಮು ಸಲ್ಲದು, ಕೊಳ್ಳುವವನಿಗೆ ಕುಗ್ಗು ಸಲ್ಲದು. ಶಾಲೆಯ ಪಂಕ್ತಿಯಲ್ಲಿ ಜಾಣನಿಗೆ ಮೊದಲು, ಮಂದನಿಗೆ ಆಮೇಲೆ ಎಂದು ಯಾರೂ ಬಡಿಸುವುದಿಲ್ಲ. ಎರಡನೆಯ ಸಲ ಅನ್ನ ಕೇಳಿದ ಮಗುವನ್ನು ಯಾರೂ ದಡ್ಡನೆನ್ನುವುದಿಲ್ಲ. ಹಾಗಿದ್ದಲ್ಲಿ ಎರಡನೆಯ ಸಲ ಪಾಠ ಕೇಳಿದ ಮಗುವನ್ನು ಮಾತ್ರ ಏಕೆ ಹಾಗೆನ್ನಬೇಕು? ಹಸಿವಿನಂತೆ ಅರಿವಿನ ಅಗತ್ಯವೂ ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿರುವುದು. ಅನ್ನದ ಪಂಕ್ತಿಯಲ್ಲಿರುವ ಧರ್ಮವು ಅಕ್ಷರದ ಪಂಕ್ತಿಗೂ ಬಂದರೆ ಆ ಹೆಸರು ಸಾರ್ಥಕವಾದಂತೆ.

೬. ಶಾಲೆಯ ಉತ್ಸವಗಳು

ಶಾಲಾ ಪ್ರಾರಂಭೋತ್ಸವ, ಸ್ವಾತಂತ್ರ್ಯದಿನ, ನವೆಂಬರ್ ೧ರ ರಾಜ್ಯೋತ್ಸವ, ನವೆಂಬರ್ ೧೪ರ ಮಕ್ಕಳ ದಿನ, ಗಣರಾಜ್ಯೋತ್ಸವ, ವಾರ್ಷಿಕೋತ್ಸವ ಇವೆಲ್ಲ ಮಕ್ಕಳ ಮನಸ್ಸನ್ನು ಅರಳಿಸುವ ಸಂದರ್ಭಗಳು. ಶಾಲಾಮಟ್ಟದಿಂದ ರಾಜ್ಯಮಟ್ಟದವರೆಗೆ ನಡೆಯುವ ಪ್ರತಿಭಾ ಕಾರಂಜಿಯಲ್ಲಿ ಹಳ್ಳಿಯ ಮಕ್ಕಳೂ ವೇದಿಕೆಯನ್ನು ಏರುವಂತಾಗಿರುವುದು ಸಂತೋಷದ ವಿಷಯ. ಆದರೆ ಎಷ್ಟೋ ಕಡೆಗಳಲ್ಲಿ ಪ್ರತಿವರ್ಷವೂ ಅದೇ ನಾಲ್ಕು ಮಕ್ಕಳು ಭಾಷಣ ಮಾಡುವರು, ಅವರೇ ಹಾಡುವರು, ಅವರೇ ಬಹುಮಾನ ಪಡೆಯುವರು. ಉಳಿದವರು ಚಪ್ಪಾಳೆ ತಟ್ಟುವುದನ್ನು ಮಾತ್ರ ಕಲಿಯುವರು.

ಒಂದು ಮಗು ಸ್ವಾತಂತ್ರ್ಯದಿನದಂದು ವೇದಿಕೆಯ ಮೇಲೆ ಎರಡು ವಾಕ್ಯಗಳನ್ನು ಹೇಳಿ ಮೂರನೆಯದನ್ನು ಮರೆತು ನಿಂತಿತೆಂದಿಟ್ಟುಕೊಳ್ಳೋಣ. ಸಭೆಯಲ್ಲಿ ನಗೆಯೆದ್ದರೆ ಆ ಮಗು ಮತ್ತೆಂದೂ ವೇದಿಕೆಗೆ ಬಾರದೆ ಹೋಗಬಹುದು. ಅದರ ಬದಲು ಸಭೆಯು ಸುಮ್ಮನೆ ಕಾದರೆ, ಉಪಾಧ್ಯಾಯರು ಮೆಲ್ಲನೆ ಮುಂದಿನ ಪದವನ್ನು ಹೇಳಿದರೆ, ಮಗುವು ವಾಕ್ಯವನ್ನು ಮುಗಿಸಿ ಕೆಳಗಿಳಿಯುವುದು. ಆ ದಿನದ ಅತ್ಯುತ್ತಮ ಭಾಷಣವು ಅದೇ. ಏಕೆಂದರೆ ಮರೆತು ನಿಂತಾಗಲೂ ಮುಂದುವರಿಯಬಹುದೆಂಬ ಪಾಠವನ್ನು ಅಲ್ಲಿ ಒಂದು ಮಗುವಲ್ಲ, ನೋಡುತ್ತಿದ್ದ ಎಲ್ಲ ಮಕ್ಕಳೂ ಕಲಿತಿರುತ್ತಾರೆ. ಉತ್ಸವದಲ್ಲಿ ಪ್ರತಿಯೊಂದು ಮಗುವಿಗೂ ಒಂದು ಕೆಲಸವಿರಲಿ. ತೋರಣ ಕಟ್ಟುವುದು, ರಂಗವಲ್ಲಿ ಹಾಕುವುದು, ನೀರು ಕೊಡುವುದು ಇವು ಹಾಡು ಭಾಷಣಗಳಿಗಿಂತ ಕೀಳಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ಮಾತಿನಿಂದ ಕಲಿಸುವುದಕ್ಕಿಂತ ಹೀಗೆ ಕಲಿಸುವುದು ಲೇಸು.

೭. ಗೃಹಸ್ಥರ ಕರ್ತವ್ಯ

ಮೊದಲನೆಯದಾಗಿ, ಸಂಜೆ ಮನೆಗೆ ಬಂದ ಮಗುವನ್ನು 'ಎಷ್ಟು ಅಂಕ ಬಂದಿತು?' ಎಂದು ಕೇಳುವುದಕ್ಕೆ ಬದಲಾಗಿ 'ಇಂದು ಏನು ತಿದ್ದಿಕೊಂಡೆ?' ಎಂದು ಕೇಳತಕ್ಕದ್ದು. ಎರಡನೆಯದಾಗಿ, ಅಣ್ಣನೊಡನೆ ತಮ್ಮನನ್ನು, ನೆರೆಮನೆಯ ಮಗುವಿನೊಡನೆ ತಮ್ಮ ಮಗುವನ್ನು ಹೋಲಿಸಬಾರದು. ಹೋಲಿಸುವುದಾದರೆ ಕಳೆದ ತಿಂಗಳ ಮಗುವಿನೊಡನೆ ಈ ತಿಂಗಳ ಮಗುವನ್ನು ಹೋಲಿಸಬೇಕು. ಮೂರನೆಯದಾಗಿ, ಹಿರಿಯರು ತಾವು ತಪ್ಪಿದಾಗ ಮಕ್ಕಳೆದುರಿಗೆ 'ತಪ್ಪಾಯಿತು' ಎನ್ನಲು ಹಿಂಜರಿಯಬಾರದು. ಹಿರಿಯರ ಬಾಯಿಂದ ಆ ಮಾತನ್ನು ಕೇಳಿದ ಮಗುವಿಗೆ ತನ್ನ ತಪ್ಪನ್ನು ಹೇಳುವ ಧೈರ್ಯ ತಾನಾಗಿ ಬರುವುದು. ನಾಲ್ಕನೆಯದಾಗಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋದಾಗ ಕಟ್ಟಡ ಕಾಂಪೌಂಡುಗಳ ಮಾತಿನೊಂದಿಗೆ 'ನಮ್ಮ ಶಾಲೆಯಲ್ಲಿ ಓದಲು ಬಾರದ ಮಕ್ಕಳೆಷ್ಟು, ಅವರಿಗೇನು ಮಾಡುತ್ತಿದ್ದೇವೆ?' ಎಂಬ ಒಂದು ಪ್ರಶ್ನೆಯನ್ನೂ ಕೇಳಬೇಕು. ಈ ಪ್ರಶ್ನೆ ಉಪಾಧ್ಯಾಯರ ಮೇಲಣ ಆಪಾದನೆಯಾಗದೆ, ಅವರಿಗೆ ನೀಡುವ ಹೆಗಲಾಗಿರಲಿ.

ಶಾಲೆಯ ಹಿರಿಮೆಯನ್ನು ಅದರ ಮೊದಲ ಸಾಲಿನ ಮಗುವಿನಿಂದ ಅಳೆಯುವುದು ಲೋಕರೂಢಿ. ಕೊನೆಯ ಸಾಲಿನ ಮಗು ಕೈಯೆತ್ತಿ 'ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ' ಎಂದು ನಿರ್ಭಯವಾಗಿ ಕೇಳಬಲ್ಲ ಶಾಲೆಯೇ ನಿಜವಾದ ಶಾಲೆ. ಅರಿಯೆನೆಂಬುದನ್ನು ಅರಿತು ಹೇಳುವುದೇ ಅರಿವಿನ ಮೊದಲ ಮೆಟ್ಟಿಲು.

ಮನನಕ್ಕೆ ಪ್ರಶ್ನೆಗಳು

೧. 'ಸೂರ್ಯ'ವನ್ನು 'ಸೂಯ್ರ' ಎಂದೋದಿದ ಮಗುವಿನ ತರ್ಕವೇನು?
೨. ಒಕ್ಕೊರಲಿನ ಮಗ್ಗಿಯಲ್ಲಿ ಯಾವ ಮಗು ಮರೆಯಾಗುತ್ತದೆ? ಅದನ್ನು ಗುರುತಿಸುವುದು ಹೇಗೆ?
೩. ಅನ್ನದ ಪಂಕ್ತಿಯ ಧರ್ಮವನ್ನು ಅಕ್ಷರದ ಪಂಕ್ತಿಗೆ ತರುವ ಬಗೆ ಯಾವುದು?
೪. ತಮ್ಮ ಮನೆಯಲ್ಲಿ ಹಿರಿಯರು ಮಕ್ಕಳೆದುರಿಗೆ ತಪ್ಪನ್ನು ಒಪ್ಪಿಕೊಂಡ ಕಡೆಯ ಸಂದರ್ಭ ಯಾವುದು?